ಯೌಕೊನ ದನಿಗೊಂದು ಕೂಲರ್

ನನ್ನ ಅಣ್ಣ ಯೌಕೊಗೆ ಕಣ್ಣು ಬಿಟ್ಟರೆ ಬೇರೇನೂ ಅಲುಗಾಡುವುದಿಲ್ಲ. ನರಗಳ ಕಾಯಿಲೆ ನಾಲ್ಕೇ ವರ್ಷದಲ್ಲಿ ಕೈ, ಕಾಲು, ನಾಲಗೆ ಎಲ್ಲವನ್ನೂ ಕಿತ್ತುಕೊಂಡಿತು. ಪರದೆಯ ಮೇಲಿನ ಅಕ್ಷರಗಳನ್ನು ಅವನು ದಿಟ್ಟಿಸುತ್ತಾನೆ, ಕಂಪ್ಯೂಟರ್ ಮಾತಾಡುತ್ತದೆ. ಏನಾದರೂ ಬೇಕಾದರೆ ನನ್ನ ಫೋನಿಗೆ ಗಂಟೆ ಹೊಡೆಯುವುದೂ ಅದೇ. ಸರ್ಕಾರ ಕೊಟ್ಟ ಪುಟ್ಟ ಯಂತ್ರ ಅವನಿಗೆ ಒಗ್ಗಲಿಲ್ಲ, ವಾಪಸ್ ಕಳಿಸಿಬಿಟ್ಟ. ಕೈ ಆಡುತ್ತಿದ್ದ ಕಾಲದಲ್ಲಿ ತಾನೇ ಜೋಡಿಸಿದ ಕಂಪ್ಯೂಟರಿನ ಕಪ್ಪು ಡಬ್ಬವೇ ಆಗಬೇಕು. ಹಠಮಾರಿ.

ಈ ಜುಲೈ ಸೆಕೆಗೆ ಆ ಡಬ್ಬ ಕಾದು ಕಾದು ತಾನಾಗಿ ಆರಿಹೋಗತೊಡಗಿತು. ಶುಕ್ರವಾರ ಸಂಜೆ ಕಟ್ಟಡದ ನೆಲಮಾಳಿಗೆಯ ಬಿಸಿ ಹಬೆಯ ಕೋಣೆ, ಸೌನಾದಲ್ಲಿ ನಮ್ಮ ಮನೆಯ ಸರದಿ. ಫೋನು ಬಾಗಿಲಾಚೆ ಇಟ್ಟು ಬೆವರುತ್ತ ಕೂತಿದ್ದೆ. ಗಂಟೆ ಹೊಡೆಯಲಿಲ್ಲ, ಹಾಗಾಗಿ ನಿಶ್ಚಿಂತೆ. ಮೇಲೆ ಬಂದು ನೋಡಿದರೆ ಪರದೆ ಕಪ್ಪು, ಯೌಕೊನ ತುಟಿ ನೀಲಿ. ಗಂಟಲಲ್ಲಿ ಕಫ ಕಟ್ಟಿತ್ತು. ಕೊಳವೆ ಹಾಕಿ ಕಫ ಎಳೆದೆ, ಉಸಿರು ಬಂತು.

ಇಂಥ ಯಂತ್ರಗಳ ಸರ್ಕಾರಿ ಸಹಾಯವಾಣಿಗೆ ಫೋನು ಮಾಡಿದರೆ, ಆಗಸ್ಟ್ ಐದಕ್ಕೆ ಕಚೇರಿ ತೆರೆಯುತ್ತದೆ ಎಂದಿತು ರೆಕಾರ್ಡು. ಜುಲೈ ನಮ್ಮಲ್ಲಿ ಬೇಸಿಗೆ ರಜೆ, ಇಡೀ ದೇಶ ಸರೋವರದ ದಂಡೆಯ ಬೇಸಿಗೆ ಮನೆಗಳಲ್ಲಿ ಬಿದ್ದುಕೊಂಡಿರುತ್ತದೆ. ಕಫಕ್ಕೆ ಮಾತ್ರ ರಜೆಯಿಲ್ಲ.

ಡಬ್ಬ ಆರಿಸಿ ಅರ್ಧ ಗಂಟೆ ಬಿಟ್ಟರೆ ಹತ್ತು ನಿಮಿಷ ನಡೆಯುತ್ತಿತ್ತು. ಆ ಹತ್ತು ನಿಮಿಷಗಳಲ್ಲೇ ಯೌಕೊ ಎಲ್ಲ ಹೇಳಿದ.

"ಪ್ರೊಸೆಸರ್ ಮೇಲೆ ಕೂತು ಅದನ್ನ ತಣ್ಣಗಿಡೋ ಕೂಲರ್ ಹೋಗಿದೆ. ಹೊಸದು ತಗೊಂಡು ಬಾ. ಹದಿನೈದೂವರೆ ಸೆಂಟಿಮೀಟರ್‌ಗಿಂತ ಎತ್ತರ ಬೇಡ, ಮುಚ್ಚಳ ಕೂರಲ್ಲ. ನೀರಿಂದು ಬೇಡ, ದುಬಾರಿ."

"ಹಾಕೋದು ಯಾರು?"

"ನೀನೇ, ತಾರ್ಯ. ಗೊತ್ತು, ನನಗೂ ಭಯ ಆಗ್ತಿದೆ." ಅಷ್ಟರಲ್ಲಿ ಪರದೆ ಆರಿತು.

ಸೋಮವಾರ ಬೆಳಿಗ್ಗೆ, ಎರಡು ತಾಸು ಇದ್ದು ಹೋಗುವ ನರ್ಸ್ ಬಂದ ಕೂಡಲೇ ಅಂಗಡಿಗೆ ಓಡಿದೆ. ಮಾರುವ ಯುವಕ ನೀರಿನ ಕೂಲರನ್ನೇ ಮುಂದಿಟ್ಟ.

"ಗೇಮ್ ಆಡೋಕಾ?"

"ಮಾತಾಡೋಕೆ."

ಅವನು ನಕ್ಕ. ಅಗ್ಗದ್ದು ತೋರಿಸು ಎಂದೆ. ಹತ್ತೊಂಬತ್ತು ಯೂರೋದ್ದು ತೋರಿಸಿ, "ಇದು ಸ್ವಲ್ಪ ಗಲಾಟೆ ಗಿರಾಕಿ" ಎಂದ.

"ಇದು ಓಡ್ತಿದ್ರೆ ಪಕ್ಕದ ರೂಮಲ್ಲಿ ಒಬ್ಬರು ಉಸಿರಾಡೋದು ಕೇಳ್ಸುತ್ತಾ?"

ಅವನ ನಗು ಮಾಯವಾಯಿತು. ಅಳತೆ ಬರೆದುಕೊಂಡಿದ್ದ ನನ್ನ ಚೀಟಿಯನ್ನು ಎರಡು ಸಲ ಓದಿ, ಒಳಗಿನಿಂದ ಒಂದೇ ಫ್ಯಾನಿರುವ, ಎತ್ತರವಾದ ಕೂಲರ್ ತಂದ. ಮೂವತ್ನಾಲ್ಕು ಯೂರೋ. ಪಟ್ಟಿ ಹಿಡಿದು ಅಳೆದ: ಹದಿನೈದು ಸೆಂಟಿಮೀಟರ್.

"ಇದು ಕೂರುತ್ತೆ, ಸದ್ದೂ ಮಾಡಲ್ಲ."

ನರ್ಸ್ ಹೋದ ಮೇಲೆ ಡಬ್ಬವನ್ನು ಯೌಕೊ ಕಾಣುವಂತೆ ಮೇಜಿನ ಮೇಲೆ ಮಲಗಿಸಿದೆ. ಹಳೆಯದನ್ನು ಬಿಚ್ಚಿ ಒರೆಸಿ, ಶಾಖ ದಾಟಿಸುವ ಬೂದು ಪೇಸ್ಟನ್ನು ಅವನು ಹೇಳಿದ್ದಂತೆ ಬಟಾಣಿ ಕಾಳಿನಷ್ಟು ಇಟ್ಟೆ. ಹೊಸ ಕೂಲರ್ ಎತ್ತಿಕೊಂಡಾಗ ಅವನ ಕಣ್ಣು ಪಟಪಟ ಬಡಿಯತೊಡಗಿತು. ಕಣ್ಣು ಬಿಗಿಯಾಗಿ ಮುಚ್ಚಿದರೆ ಬೇಡ ಎಂದರ್ಥ. ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

"ಬಿಸಿಲು ಕುಕ್ತಿದೆಯಾ? ತಡಿ." ಕಿಟಕಿಯ ಪರದೆ ಎಳೆದು ಬಂದು ನಾಲ್ಕೂ ಸ್ಕ್ರೂ ಬಿಗಿದೆ.

ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ನನ್ನ ಎದೆ ಹಗುರಾಯಿತು. ಅಕ್ಷರಗಳು ಮೂಡುವ ಮೊದಲೇ ಎಲ್ಲವೂ ಆರಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ಸುಟ್ಟುಹಾಕಿಬಿಟ್ಟೆನಾ? ಅಣ್ಣನಿಗೆ ಉಳಿದಿದ್ದ ಒಂದೇ ಬಾಯಿ. ಯೌಕೊನ ಹಣೆಯಲ್ಲಿ ಬೆವರು, ಕಣ್ಣು ಹುಚ್ಚು ಹಿಡಿದಂತೆ ಬಡಿಯುತ್ತಿತ್ತು. ಶುಕ್ರವಾರದ ತುಟಿ ನೆನಪಾಗಿ ಕೊಳವೆ ಹಾಕಿದೆ. ಏನೂ ಬರಲಿಲ್ಲ. ಗಂಟಲು ಖಾಲಿ.

"ಏನೋ ಬೇಕು ನಿನಗೆ? ಸಾಯ್ತೀನಿ ಕಣೋ ನಾನು."

ಆಗ ನೆನಪಾಯಿತು, ಬೀರುವಿನ ಹಿಂದೆ ಬಿದ್ದಿದ್ದ ಪಾರದರ್ಶಕ ಅಕ್ಷರದ ಹಲಗೆ. ಎರಡು ವರ್ಷದಿಂದ ಮುಟ್ಟಿರಲಿಲ್ಲ. ಇಬ್ಬರ ನಡುವೆ ಹಿಡಿದು, ಅವನು ನೋಡಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ.

ಕೂಲರ್ ಕೆಳಗಿನ ಪ್ಲಾಸ್ಟಿಕ್ ತೆಗಿ.

ಬಿಚ್ಚಿ ತಿರುಗಿಸಿದರೆ, ಹೊಳೆಯುವ ತಾಮ್ರದ ತಳಕ್ಕೆ ಗೀಚಾಗದಿರಲೆಂದು ಅಂಟಿಸಿದ ತೆಳು ಹಾಳೆ ಹಾಗೇ ಇತ್ತು. ಅದರ ಮೇಲೆ ಕೆಂಪು ಅಕ್ಷರದಲ್ಲಿ, ಹಾಕುವ ಮೊದಲು ತೆಗೆಯಿರಿ. ಕಂಪ್ಯೂಟರ್ ಜೋಡಿಸುವವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲವಂತೆ, ಹಾಗಾಗಿ ಅವನೂ ಹೇಳಿರಲಿಲ್ಲ. ಹಾಳೆ ಕಿತ್ತು, ಹೊಸ ಬಟಾಣಿ ಇಟ್ಟು, ಮತ್ತೆ ಬಿಗಿದೆ.

ಈ ಸಲ ಅಕ್ಷರಗಳು ಮೂಡಿದವು, ಮೂಲೆಯಲ್ಲಿ ಡಬ್ಬದ ಶಾಖ: ನಲವತ್ತೆಂಟು ಡಿಗ್ರಿ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಅದು ಮೇಲೇರಲಿಲ್ಲ.

"ನೆಲಮಾಳಿಗೆಗೆ ಹೋಗು," ಎಂದ ಯೌಕೊ. "ಸೌನಾ ಒಳಗೆ ಕೂತು ಬಾಗಿಲು ಹಾಕ್ಕೋ. ಫೋನು ಮಾತ್ರ ಹೊರಗಿಡಬೇಡ."

ತಣ್ಣಗಿದ್ದ ಸೌನಾದ ಹಲಗೆಯ ಮೇಲೆ, ಮೈಮೇಲೆ ಬಟ್ಟೆಯಿದ್ದಂತೆಯೇ ಕೂತೆ. ಗಂಟೆ ಹೊಡೆಯಿತು. ಮೆಟ್ಟಿಲು ಹಾರಿಕೊಂಡು ಓಡಿದೆ.

"ಏನಾಯ್ತು?"

"ಏನಿಲ್ಲ. ಶುಕ್ರವಾರವೂ ಹೀಗೇ ಕರೆದಿದ್ದೆ, ಗಂಟೆ ಹೊಡೆಯೋ ಮೊದಲೇ ಡಬ್ಬ ಆರಿತು," ಎಂದ. "ಹೊಡೆದಿದ್ರೆ ಬರ್ತಿದ್ದೆಯಾ ಅಂತ ನೋಡ್ಬೇಕಿತ್ತು."