ಮಾಲೀಕರು: ಮಹದೇವಿ ಪಿ.

ಕಂಪ್ಯೂಟರಿನ ಪರದೆಯ ಮೇಲೆ ತನ್ನದೇ ಮುಖ ಕಂಡಾಗ ಮಹದೇವಿಗೆ ಮೊದಲು ನಗು ಬಂತು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಸ್ಟುಡಿಯೋದಲ್ಲಿ, ಹಾಸ್ಟೆಲಿನ ಗೆಳತಿಯ ನೀಲಿ ವೇಲು ಹೊದ್ದು ತೆಗೆಸಿಕೊಂಡ ಫೋಟೋ ಅದು. ಸ್ಟುಡಿಯೋದವನು ಗದ್ದ ಇಳಿಸು ಎಂದು ಎರಡು ಸಲ ಗದರಿದ್ದರಿಂದ ಫೋಟೋದಲ್ಲೂ ಬೈಸಿಕೊಂಡವಳ ಹಾಗೇ ಕಾಣುತ್ತಿದ್ದಳು. ಇದು ಇಲ್ಲಿಗೆ ಹೇಗೆ ಬಂತು ಎಂದು ಕೆಳಗಿನ ಸಾಲುಗಳನ್ನು ಓದಿದಳು. ಶ್ರೀ ಮಲೆ ಎಂಟರ್‌ಪ್ರೈಸಸ್, ಸಿವಿಲ್ ಗುತ್ತಿಗೆದಾರರು. ಮಾಲೀಕರು: ಮಹದೇವಿ ಪಿ. ತಂದೆಯ ಹೆಸರು: ಪುಟ್ಟಮಾದ. ವಿಳಾಸ: ಹೊನ್ನೆಮರದ ಪೋಡು, ಅಜ್ಜೀಪುರ ಅಂಚೆ, ಹನೂರು ತಾಲ್ಲೂಕು.

ನಗು ಅಲ್ಲಿಗೇ ನಿಂತಿತು.

ಅಂದು ಇಪ್ಪತ್ತನೇ ತಾರೀಖು, ಗಿರಾಕಿಗಳ ಜಿಎಸ್‌ಟಿ ಲೆಕ್ಕ ಕಳಿಸಲು ಕೊನೆಯ ದಿನ. ರೇಷ್ಮೆ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆಡಿಟರ್ ಮಲ್ಲಿಕಾರ್ಜುನಸ್ವಾಮಿಯವರ ಆಫೀಸಿಗೆ ಅವಳು ಸೇರಿ ಎಂಟು ತಿಂಗಳಾಗಿತ್ತು. ಬಿ.ಕಾಂ. ಕೊನೆಯ ವರ್ಷ ಪೂರ್ತಿ ಯಾವುದಾದರೂ ಆಫೀಸಿನಲ್ಲಿ ಕೆಲಸ ಕಲಿಯಬೇಕು. ಮಾರ್ಕ್ಸು ಹಾಕುವವರೂ ಸರ್ಟಿಫಿಕೇಟು ಕೊಡುವವರೂ ಆಫೀಸಿನ ಯಜಮಾನರೇ. ಮೊದಲ ಎರಡು ತಿಂಗಳು ಅವಳು ಕಲಿತದ್ದು ಟೀ ತರುವುದು, ಜೆರಾಕ್ಸ್ ಮಾಡಿಸುವುದು. ಆಮೇಲೆ ಗುಮಾಸ್ತ ಶಾಂತಮೂರ್ತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೇಳಿಕೊಟ್ಟ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವನು. ತಪ್ಪು ಮಾಡಿದರೆ ಬೈಯದೆ, "ಇನ್ನೊಂದ್ಸಲ ನೋಡ್ಕೊ ಕಣಮ್ಮ" ಅನ್ನುತ್ತಿದ್ದ. ಆದರೆ ಮೂರು ಫೈಲುಗಳನ್ನು ಮಾತ್ರ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಇವತ್ತು ಅವನಿಗೆ ಜ್ವರ. ಯಳಂದೂರಿನ ಮದುವೆಯೊಂದಕ್ಕೆ ಹೊರಟಿದ್ದ ಆಡಿಟರು ಅವಸರದಲ್ಲಿ ಬೀರುವಿನ ಕೀಲಿ ಅವಳ ಮೇಜಿನ ಮೇಲೆ ಎಸೆದು, "ಆ ಮೂರೂ ಸಂಜೆಯೊಳಗೆ ಹೋಗಬೇಕು" ಎಂದು ಮೆಟ್ಟಿಲಿಳಿದಿದ್ದರು. ಯಾರ ಕೈಗೆ ಯಾವ ಕೀಲಿ ಕೊಡುತ್ತಿದ್ದೇನೆ ಎಂಬ ನೆನಪು ಅವರಿಗೆ ಇದ್ದಂತಿರಲಿಲ್ಲ.

ಬೀರುವಿನಿಂದ ತೆಗೆದ ಮೊದಲ ಫೈಲಿನ ರಟ್ಟಿನ ಮೇಲಿದ್ದ ಪಾಸ್‌ವರ್ಡ್ ಹಾಕಿದಾಗಲೇ ಪರದೆಯ ಮೇಲೆ ಆ ಮುಖ ಬಂದದ್ದು. ಈಗ ಅವಳು ಫೈಲನ್ನೇ ಬಿಚ್ಚಿದಳು. ಮೇಲೆಯೇ ಒಂದು ರಬ್ಬರ್ ಸೀಲು, ಅವಳ ಹೆಸರಿನದು. ಒಂದಿಷ್ಟು ಲೆಟರ್‌ಹೆಡ್ಡು. ಕೆಳಗೆ ಚೆಕ್ ಪುಸ್ತಕ, ಉಳಿದ ಹಾಳೆಗಳ ಮೇಲೆಲ್ಲ ಅವಳದೇ ಸಹಿ. ಸೇರಿದ ಮೊದಲ ವಾರ ಶಾಂತಮೂರ್ತಿ ಕಾಗದದ ಕಂತೆ ತಂದು ಮುಂದಿಟ್ಟಿದ್ದ. "ಸ್ಟೈಪೆಂಡ್ ಬರಾಕೆ ಅಕೌಂಟ್ ಬೇಕಲ್ಲಮ್ಮ. ಪೆನ್ಸಿಲ್ ಗುರ್ತು ಇರೋ ಕಡೆಯೆಲ್ಲ ಸೈನ್ ಆಕು." ಅವಳು ಹಾಕಿದ್ದಳು. ಫೋನಿಗೆ ಬಂದ ನಂಬರು ಕೇಳಿದಾಗ ಹೇಳಿದ್ದಳು. ಆಧಾರ್, ಫೋಟೋ ಕೇಳಿದರು, ಕೊಟ್ಟಳು. ಜಾತಿ ಸರ್ಟಿಫಿಕೇಟು ಕೇಳಿದಾಗ, ಲೆಕ್ಕ ಕಲಿಯುವುದಕ್ಕೆ ಇದೇಕೆ ಎಂಬ ಪ್ರಶ್ನೆ ಬಾಯಿತನಕ ಬಂದಿತ್ತು. ಒಂದನೇ ಕ್ಲಾಸಿನಿಂದ ಅವಳು ಹೋದಲ್ಲೆಲ್ಲ ಮೊದಲು ಕೇಳಿದ್ದು ಅದನ್ನೇ ಆದ್ದರಿಂದ ಅದನ್ನೂ ಕೊಟ್ಟಿದ್ದಳು.

ಫೈಲಿನ ನಡುವೆ ಕೆಲಸದ ಆದೇಶವಿತ್ತು. ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೇ ಮೀಸಲಾದ ಕೆಲಸ. ಹೊನ್ನೆಮರದ ಪೋಡಿಗೆ ಕುಡಿಯುವ ನೀರಿನ ಮೇಲ್ತೊಟ್ಟಿ, ಮನೆಮನೆಗೆ ನಲ್ಲಿ. ಅವಳು ಹುಟ್ಟಿ ಬೆಳೆದ ಪೋಡು, ಕಾಡಿನೊಳಗಿನ ಪುಟ್ಟ ಹಾಡಿ. ಮೊದಲ ಬಿಲ್ಲಿನ ದುಡ್ಡು ಬಂದು ಖಾಲಿಯಾಗಿತ್ತು. ಎರಡನೆಯ ಬಿಲ್ಲು ಮಂಜೂರಿಗೆ ಕಾಯುತ್ತಿತ್ತು, ಕೆಲಸ ಮುಗಿದಿದೆ ಎಂಬ ಪತ್ರದ ಜೊತೆ. ಪತ್ರಕ್ಕೆ ಅಂಟಿಸಿದ ಫೋಟೋದಲ್ಲಿ ಹೊಸ ಬಣ್ಣದ ತೊಟ್ಟಿ, ಅದರ ಹಿಂದೆ ಸಾಲು ತೆಂಗಿನ ಮರ.

ಅವರ ಪೋಡಿನಲ್ಲಿ ಒಂದೇ ಒಂದು ತೆಂಗಿನ ಮರ ಇರಲಿಲ್ಲ. ನೆಟ್ಟರೆ ಆನೆ ಬಿಟ್ಟೀತೆ? ತೊಟ್ಟಿಯಂತೂ ಇರಲೇ ಇಲ್ಲ. ಹಿಂದಿನ ವಾರ ಊರಿಗೆ ಹೋಗಿದ್ದಾಗಲೂ ಅವ್ವ ಎರಡು ಬಿಂದಿಗೆ ಹೊತ್ತು ಹಳ್ಳದಿಂದ ಮೇಲೆ ಬಂದು, ಜಗಲಿಯ ಮೇಲೆ ಕೂತು ಮಂಡಿ ಒತ್ತಿಕೊಂಡಿದ್ದಳು. ಕಾಗದದ ಪ್ರಕಾರ ಆ ನೀರನ್ನು ತಿಂದುಹಾಕಿದವಳು ಅವಳ ಮಗಳು.

ಮಹದೇವಿ ಆ ಸಂಜೆ ಯಾವ ಲೆಕ್ಕವನ್ನೂ ಕಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಫೈಲು ಹಿಡಿದು ಒಳಕೋಣೆಗೆ ಹೋದಾಗ ಆಡಿಟರ ಎದುರು ಯಳಂದೂರಿನ ಕಂಟ್ರಾಕ್ಟರ್ ಶಿವಕುಮಾರಸ್ವಾಮಿ ಇಡ್ಲಿ ತಿನ್ನುತ್ತ ಕೂತಿದ್ದ. ಫೈಲು ನೋಡಿದ್ದೇ ಆಡಿಟರ ಮುಖ ಒಂದು ಗಳಿಗೆ ಬಿಳಿಚಿ ಮತ್ತೆ ಸರಿಹೋಯಿತು.

"ಕೂತ್ಕೊ ಮಹದೇವಿ. ಹೆದರಿಕೊಳ್ಳೋ ಅಂಥದ್ದು ಏನೂ ಇಲ್ಲ. ಇದು ಎಲ್ಲಾ ಕಡೆ ನಡೆಯೋದೇ. ಸರ್ಕಾರ ನಿಮ್ಮೋರಿಗೆ ಅಂತ ಕೆಲಸ ಇಟ್ಟಿದೆ, ಮಾಡೋಕೆ ನಿಮ್ಮೋರಲ್ಲಿ ಯಾರಿದ್ದಾರೆ ಹೇಳು? ಇವರು ಮಾಡ್ತಾರೆ. ನಿನಗೂ ಏನೋ ಒಂದು ಸಿಗುತ್ತೆ."

"ವರ್ಸಕ್ಕೆ ಇಪ್ಪತ್ತೈದು ಸಾವ್ರ ಕೊಟ್ಬುಡಿ ಸಾ" ಎಂದ ಶಿವಕುಮಾರಸ್ವಾಮಿ ಬೆರಳು ನೆಕ್ಕುತ್ತ. "ಓದೋ ಮಗು, ಪುಸ್ಕ ಗಿಸ್ಕ ತಕಳ್ಳಿ."

"ತೊಟ್ಟಿ ಎಲ್ಲದೆ ಸಾ?"

"ಯಾವ ತೊಟ್ಟಿ?"

"ನಮ್ ಪೋಡಿಂದು."

"ಕಟ್ತೀವಿ ಕಣಮ್ಮಿ, ಎಲ್ಲಿಗೋದದು? ದುಡ್ಡು ಬರ್ಲಿ ಮೊದ್ಲು."

"ಮುಗ್ದದೆ ಅಂತ ಬರ್ದಿದ್ದೀರಿ. ಫೋಟೋದಲ್ಲಿ ತೆಂಗಿನ ಮರ ಅವೆ. ನಮ್ಮಲ್ಲಿ ತೆಂಗಿನ ಮರ ಇಲ್ಲ ಸಾ."

ಶಿವಕುಮಾರಸ್ವಾಮಿ ಜೋರಾಗಿ ನಕ್ಕ. "ನೋಡುದ್ರಾ ಸಾ, ಕಾಡ ಕೂಸಾದ್ರೂ ಚುರ್ಕಾಗಿ ಅದೆ! ಇಂಜಿನಿಯರ್‌ಗೇ ಕಾಣ್ನಿಲ್ಲ ಇದು."

ಆಡಿಟರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿರೋ ಸಹಿ ಯಾರದು? ನನ್ನದಾ? ಇವರದಾ? ನಾಳೆ ಕೇಸು ಅಂತ ಆದರೆ ಪೊಲೀಸ್ನೋರು ಯಾರ ಮನೆ ಬಾಗಿಲಿಗೆ ಬರ್ತಾರೆ, ಯೋಚನೆ ಮಾಡು. ನಿಮ್ಮಪ್ಪ ಫಾರೆಸ್ಟಲ್ಲಿ ದಿನಗೂಲಿ ವಾಚರ್ ಅಲ್ವಾ? ಇನ್ನು ನಾಲ್ಕೇ ತಿಂಗಳು. ಕೆಲಸ ಕಲ್ತ್ಕೊ, ಮಾರ್ಕ್ಸ್ ತಗೊ, ಹೋಗು. ಫೈಲು ಇದ್ದ ಜಾಗದಲ್ಲಿ ಇಡು."

ಅವಳಿಗೆ ಅಳು ಬರಲಿಲ್ಲ. ದವಡೆ ಬಿಗಿದು ಕಿವಿಯ ಬುಡದಲ್ಲಿ ನೋವು ಶುರುವಾಯಿತು. ಆ ನಗುವಿಗಿಂತ, ಹೆದರಿಕೊಳ್ಳಬೇಡ ಎಂದು ಶುರುಮಾಡಿ ಹೆದರಿಸುವುದರಲ್ಲಿ ಮುಗಿಸಿದ ಆ ಮೆತ್ತನೆಯ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಹೊರಗೆ ಶಾಂತಮೂರ್ತಿ ಬಂದಿದ್ದ. ತಲೆಗೆ ಮಫ್ಲರು ಸುತ್ತಿಕೊಂಡು, ತೆರೆದ ಬೀರುವಿನ ಮುಂದೆ ನಿಂತಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು.

"ನಿಮ್ಗೆ ಗೊತ್ತಿತ್ತು ಮೂರ್ತಣ್ಣ."

ಅವನು ತಿರುಗಲಿಲ್ಲ. "ಗೊತ್ತಿತ್ತು ಕಣಮ್ಮ."

"ನಂಗೆ ಲೆಕ್ಕ ಯೇಳ್ಕೊಟ್ಟ ಕೈಲೇ ಆ ಪೆನ್ಸಿಲ್ ಗುರ್ತು ಹಾಕುದ್ರಿ."

"ನಂಗೂ ಮನೆ ಮಕ್ಳು ಅವೆ" ಎಂದ. ಸಮಾಧಾನ ಹೇಳುವವನ ಹಾಗೆ ದನಿ ತಗ್ಗಿಸಿ, "ನೀನೊಬ್ಳೇ ಅಂದ್ಕೊಬೇಡ. ನಿನಗಿಂತ ಮುಂಚೆ ಬಂದಿದ್ದ ಇನ್ನಿಬ್ರು ಅವ್ರೆ. ಅವ್ರಿಗೆ ಇವತ್ತಿಗೂ ಗೊತ್ತಿಲ್ಲ, ಆರಾಮಾಗವ್ರೆ" ಎಂದ.

ಮೂರು ಫೈಲು. ಮೂವರು. ಅವಳು ಉಳಿದೆರಡು ಫೈಲುಗಳನ್ನು ಎಳೆದು ಮೊದಲ ಹಾಳೆ ತೆಗೆದಳು. ಒಬ್ಬಳು ಬಿಳಿಗಿರಿ ಕಡೆಯ ಪೋಡಿನ ಹುಡುಗಿ, ಇನ್ನೊಬ್ಬಳು ಹನೂರಿನ ಆಚೆಯವಳು. ಇಬ್ಬರ ಫೋಟೋದಲ್ಲೂ ಅದೇ ಸ್ಟುಡಿಯೋದ ಪರದೆ. ಅವಳು ಇಬ್ಬರ ಹೆಸರು, ಊರು, ಫೋನ್ ನಂಬರನ್ನು ಅಂಗೈಯ ಮೇಲೆ ಬರೆದುಕೊಂಡಳು. ಬರೆಯುವಾಗ ಪೆನ್ನು ಒತ್ತಿದ ರಭಸಕ್ಕೆ ಚರ್ಮ ಕೆಂಪಾಯಿತು. ಆಮೇಲೆ ತನ್ನ ಫೈಲನ್ನು, ಸೀಲು ಚೆಕ್ ಪುಸ್ತಕಗಳ ಸಮೇತ, ಬ್ಯಾಗಿಗೆ ತುಂಬಿದಳು.

"ಏನ್ ಮಾಡ್ತಿದ್ದೀಯಮ್ಮ?" ಶಾಂತಮೂರ್ತಿ ಗಾಬರಿಯಾದ.

"ನನ್ ಕಂಪ್ನಿ, ನಾ ತಕಂಡ್ ಓಯ್ತಿದ್ದೀನಿ."

ಅವನು ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು, ಒಳಗಿದ್ದವರನ್ನು ಕೂಗಬಹುದಿತ್ತು. ಎರಡನ್ನೂ ಮಾಡದೆ ಮಫ್ಲರಿನ ತುದಿ ಹಿಡಿದುಕೊಂಡು ನಿಂತ. ಅವಳು ಅವನತ್ತ ನೋಡದೆ ಮೆಟ್ಟಿಲಿಳಿದಳು.

ಮೊದಲು ಬ್ಯಾಂಕು. ಖಾತೆ ನನ್ನದು, ಇನ್ನು ಮುಂದೆ ಈ ಖಾತೆಯಿಂದ ಒಂದು ರೂಪಾಯಿಯೂ ಹೋಗಕೂಡದು ಎಂದು ಬರೆದುಕೊಟ್ಟಳು. ಅಲ್ಲಿಂದ ಹನೂರಿನ ಬಸ್ಸು. ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಲೆಟರ್‌ಹೆಡ್ ಹಾಸಿ ಬರೆದಳು. ಬಸ್ಸು ಕುಲುಕಿದಂತೆಲ್ಲ ಅಕ್ಷರ ಸೊಟ್ಟಗಾಗುತ್ತಿತ್ತು. ಮೂರು ಹಾಳೆ ಹಾಳಾದವು. ನಾಲ್ಕನೆಯದರಲ್ಲಿ ಐದೇ ಸಾಲು: ನನ್ನ ಸಂಸ್ಥೆಯ ಹೆಸರಿನಲ್ಲಿರುವ ಈ ಕೆಲಸ ಶುರುವೇ ಆಗಿಲ್ಲ. ಫೋಟೋ ನಮ್ಮ ಪೋಡಿನದಲ್ಲ. ಬಿಲ್ಲು ತಡೆಹಿಡಿಯಬೇಕು. ಮೊದಲ ಬಿಲ್ಲಿನ ಹಣ ನನ್ನ ಕೈಗೆ ಬಂದಿಲ್ಲ. ಯಾರ ಕೈಗೆ ಹೋಯಿತೆಂದು ವಿಚಾರಣೆ ಮಾಡಬೇಕು.

ಇಂಜಿನಿಯರರ ಕಚೇರಿಯ ಗುಮಾಸ್ತ ಊಟದ ಡಬ್ಬಿ ತೊಳೆದು ಬಂದವನು ಅವಳನ್ನು ನೋಡಿ, "ಯಾರಮ್ಮ? ಕಂಟ್ರಾಕ್ಟರ್ ಕಡೆಯೋಳಾ?" ಎಂದ.

"ನಾನೇ ಕಂಟ್ರಾಕ್ಟರು."

ಅವನು ಸುತ್ತ ನೋಡಿದ, ಯಾರಾದರೂ ತಮಾಷೆ ಮಾಡಿಸುತ್ತಿದ್ದಾರೋ ಎಂಬಂತೆ. ಅವಳು ಆಧಾರ್ ಕಾರ್ಡನ್ನು ಮೇಜಿಗೆ ಬಡಿದಳು. ಪತ್ರ, ಅದರ ಜೆರಾಕ್ಸು ಎರಡನ್ನೂ ಇಟ್ಟು, ಕೆಳಗೆ ಸಹಿ ಹಾಕಿ, ರಬ್ಬರ್ ಸೀಲನ್ನು ಎರಡೂ ಕೈಯಿಂದ ಒತ್ತಿದಳು.

ಪತ್ರ ಓದುತ್ತ ಓದುತ್ತ ಅವನ ಮುಖ ಬದಲಾಯಿತು. "ಸಾಹೇಬ್ರು ಇಲ್ಲ. ಬಿಟ್ಟೋಗು, ಬಂದ್ಮೇಲೆ ಕೊಡ್ತೀನಿ."

"ಸೀಲು ಹಾಕಿ, ತಾರೀಖು ಬರ್ದು, ಇನ್ನೊಂದು ಪ್ರತಿ ನಂಗೆ ಕೊಡಿ."

"ಅದೆಲ್ಲ ಆಮೇಕೆ ನೋಡಾವ..."

"ಈಗ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಕೋಣೆಯಿಂದ ಇಬ್ಬರು ಎದ್ದು ಬಂದರು. ತನ್ನಲ್ಲಿ ಅಂಥದೊಂದು ದನಿ ಇದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಗುಮಾಸ್ತ ಸೀಲು ಹಾಕಿ ಕೊಟ್ಟ.

ಬಿಲ್ಲು ನಿಂತಿತು. ಆಮೇಲಿನ ಒಂದು ವಾರ ಶಿವಕುಮಾರಸ್ವಾಮಿಯ ಫೋನು, ಮೊದಲು ಬೈಗುಳ, ಆಮೇಲೆ ಐವತ್ತು ಸಾವಿರ, ಮತ್ತೆ ಬೈಗುಳ. ಅಂಗೈಯಲ್ಲಿ ಬರೆದುಕೊಂಡಿದ್ದ ಇಬ್ಬರಿಗೂ ಅವಳು ಫೋನು ಮಾಡಿದಳು. ಒಬ್ಬಳು ಕೇಳಿಸಿಕೊಂಡು ಅತ್ತಳು. ಇನ್ನೊಬ್ಬಳು, "ನನ್ ತಂಟೆಗೆ ಬರ್ಬೇಡಿ ಅಕ್ಕ, ಮದುವೆ ಗೊತ್ತಾಗ್ಬುಟ್ಟದೆ" ಎಂದು ಇಟ್ಟುಬಿಟ್ಟಳು. ಕಾಲೇಜಿನಲ್ಲಿ ಮೇಷ್ಟ್ರು ಅವಳ ಪತ್ರವನ್ನು ಎರಡು ಸಲ ಓದಿ, "ಒಳ್ಳೇ ಕೆಲಸವೇ ಮಾಡಿದ್ದೀಯ. ಆದರೆ ಸರ್ಟಿಫಿಕೇಟ್ ಇಲ್ಲದೆ ಪಾಸು ಮಾಡೋಕಾಗಲ್ಲ. ಮುಂದಿನ ವರ್ಷ ಬೇರೆ ಆಫೀಸು ನೋಡ್ಕೊ" ಎಂದರು. ಒಳ್ಳೇ ಕೆಲಸಕ್ಕೆ ಒಂದು ವರ್ಷ ದಂಡ. ಅವಳು ಹಾಸ್ಟೆಲಿಗೆ ಬಂದು ಟ್ರಂಕು ಕಟ್ಟಿದಳು.

ಪೋಡಿಗೂ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಹಳ್ಳದ ದಾರಿಯಲ್ಲಿ ಸಿಕ್ಕ ದೊಡ್ಡಮಾದಮ್ಮ ಬಿಂದಿಗೆ ಇಳಿಸದೆಯೇ ಕೇಳಿದಳು: "ಬರ್ತಿದ್ದ ತೊಟ್ಟೀನೂ ನಿಲ್ಲಿಸ್ಬುಟ್ಯಂತಲ್ಲ ಕೂಸೆ?"

"ಅದು ಬರ್ತಿರ್ನಿಲ್ಲ ಅತ್ತೆ."

"ಏನೋ ಒಂದು ಬರ್ತಿತ್ತು ಅಂತಿದ್ರಪ್ಪ" ಎಂದು ಅವಳು ಮುಂದೆ ನಡೆದಳು. ಮಹದೇವಿ ದಾರಿಯ ಕಲ್ಲೊಂದನ್ನು ಕಾಲಿನಿಂದ ಒದ್ದಳು. ಬೆರಳಿನ ಉಗುರು ಕಿತ್ತು ರಕ್ತ ಬಂತು. ಸಿಟ್ಟು ಮಾತ್ರ ಒಂದು ಎಳೆಯಷ್ಟೂ ಇಳಿಯಲಿಲ್ಲ.

ಹದಿನೈದು ದಿನ ಬಿಟ್ಟು ಅಂಚೆಯವನು ನೋಟೀಸು ತಂದ. ಸೋಮವಾರ ಹನ್ನೊಂದು ಗಂಟೆಗೆ ಮಾಲೀಕರಾದ ಮಹದೇವಿಯವರು ಮೂಲ ದಾಖಲೆಗಳೊಂದಿಗೆ ಚಾಮರಾಜನಗರದಲ್ಲಿ ವಿಚಾರಣೆಗೆ ಹಾಜರಾಗತಕ್ಕದ್ದು. ಅವಳು ಜೋರಾಗಿ ಓದಿದಳು. ಅವ್ವ ಮಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಪುಟ್ಟಮಾದ ಕಾಡಿನಿಂದ ಆಗಷ್ಟೇ ಬಂದಿದ್ದ; ಕಾಲಿಗಂಟಿದ ಮುಳ್ಳು ಕೀಳುತ್ತ ಕೇಳಿಸಿಕೊಂಡ.

"ನಿನ್ನೇ ಇಡ್ಕತರಾ?"

"ಗೊತ್ತಿಲ್ಲ ಅಪ್ಪ. ಸೈನ್ ನಂದೇ ಅಲ್ವಾ? ಕೇಳ್ತರೆ, ಯೇಳ್ತೀನಿ."

"ಸೋಮವಾರ ನಾನೂ ಬತ್ತೀನಿ."

"ನಿಂಗೆ ಡ್ಯೂಟಿ ಅದೆ. ರೇಂಜರ್ ಸಾಹೇಬ್ರು ಬಿಡಾಕಿಲ್ಲ. ಆಮೇಲೆ ಕೆಲ್ಸ ಓಗ್ಬುಟ್ರೆ?"

ಪುಟ್ಟಮಾದ ಮುಳ್ಳನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ ಎಸೆದ. "ಸಾಹೇಬ್ರ ಮುಂದೆ ನಂಗೆ ಬಾಯೇ ಬರಾಕಿಲ್ಲ ಕೂಸೆ. ನೀ ಮಾತಾಡು. ನಾ ಪಕ್ಕದಲ್ಲಿ ನಿಂತಿರ್ತೀನಿ."

ಅವಳು ನೋಟೀಸನ್ನು ಮಡಚಿ ಫೈಲಿನೊಳಗೆ ಇಟ್ಟಳು. ಅವನು ಎದ್ದು ಒಳಗೆ ಹೋಗಿ, ಅಟ್ಟದ ಮೇಲಿನ ಗೋಣಿಚೀಲದಿಂದ ಬಿಳಿ ಶರಟೊಂದನ್ನು ತೆಗೆದ. ಮಡಿಕೆಯ ಗೆರೆಗಳಲ್ಲಿ ಅದು ಹಳದಿಯಾಗಿತ್ತು. ಅವ್ವ ಮಧ್ಯಾಹ್ನ ಹೊತ್ತು ತಂದಿದ್ದ ನೀರಿನಲ್ಲಿ ಅರ್ಧ ಬಿಂದಿಗೆಯನ್ನು ಬಕೆಟ್ಟಿಗೆ ಬಗ್ಗಿಸಿಕೊಂಡ. ನೀರು ಚೆಲ್ಲಿದರೆ ಮನೆಯವರನ್ನೆಲ್ಲ ಬೈಯುವ ಮಾದೇವಮ್ಮ ತಾನೇ ಸೋಪಿನ ಚೂರು ತಂದುಕೊಟ್ಟಳು. ಅವನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಲರನ್ನು ಉಜ್ಜಿದ, ತೊಳೆದ, ಮತ್ತೆ ಉಜ್ಜಿದ. ಹಿಂಡಿ, ಕೊಡವಿ, ಹೊತ್ತು ಮುಳುಗುವ ಮುಂಚೆ ಬೇಲಿಯ ಲಂಟಾನದ ಮೇಲೆ ಎರಡೂ ತೋಳು ಚಾಚಿ ಹರವಿದ. ಗಾಳಿಗೆ ಹಾರದ ಹಾಗೆ ಮುಳ್ಳಿಗೆ ಸಿಕ್ಕಿಸಿದ. ತೋಳಿನ ತುದಿಯಿಂದ ನೀರು ಹನಿಹನಿಯಾಗಿ ಮಣ್ಣಿಗೆ ಬೀಳುತ್ತಿತ್ತು.