ಎಂಟಪ್ಪನ ಎರಡನೇ ಮಾತ್ರೆ

ಲೈಸೆನ್ಸ್ ಪರೀಕ್ಷಕನಿಗೆ ಜನ ಎಂಟಪ್ಪ ಎಂದೇ ಹೆಸರಿಟ್ಟಿದ್ದರು. ಮೈದಾನದಲ್ಲಿ ಕೋನ್‌ಗಳನ್ನಿಟ್ಟು ಎಂಟರ ಆಕಾರದಲ್ಲಿ ಕಾರು ಓಡಿಸಲು ಹೇಳುವುದು, ಒಂದು ಕೋನ್ ಅಲುಗಿದರೂ ಫೇಲ್ ಮಾಡುವುದು, ಆಮೇಲೆ ತಾನೇ ಸ್ಟಿಯರಿಂಗ್ ಹಿಡಿದು ‘ನೋಡಿ, ಹೀಗೆ’ ಎಂದು ಮೆರೆಯುವುದು. ಇಪ್ಪತ್ತು ವರ್ಷದಿಂದ ಇದೇ ಪದ್ಧತಿ. ಫೇಲಾದವರ ಹೊಟ್ಟೆ ಉರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಈ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದಳು. ಮೊದಲನೆಯದು ಅವಳದೇ ತಪ್ಪು, ಉಳಿದೆರಡು ಕೋನ್ ಅಲುಗಿಸಿದ ಗಾಳಿಯದು. ಈಗ ಕಾರ್ಖಾನೆ ಬಾಗಿಲು ಹಾಕಿತ್ತು. ಸೋಮವಾರದೊಳಗೆ ಲೈಸೆನ್ಸ್ ತೋರಿಸಿದರೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಶುಕ್ರವಾರ ಬೆಳಿಗ್ಗೆ ಅವಳು ನಾಲ್ಕನೇ ಸಲ ಪರೀಕ್ಷೆಗೆ ಬಂದಾಗ ಎಂಟಪ್ಪನ ಶರ್ಟಿನ ಗುಂಡಿಗಳೆಲ್ಲ ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಹೊಲಿಯುವವಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

“ಹುಷಾರಿಲ್ವಾ ಸಾರ್?”

“ನನಗೇನು ಧಾಡಿ? ರಾತ್ರಿ ಹೆಂಡತಿಯ ನಿದ್ದೆ ಮಾತ್ರೆ ಒಂದು ನುಂಗಿದ್ದೆ. ನಾಲ್ಕು ಗಂಟೆಗೆ ಎಚ್ಚರ ಆಯ್ತು, ಇನ್ನೊಂದು ಹಾಕ್ಕೊಂಡೆ. ಒಂದೂ ಕಾಯಿಲೆ ಕಂಡಿಲ್ಲ ಈ ದೇಹ, ಮಾತ್ರೆ ಆಟ ನನ್ನ ಹತ್ರ ನಡೆಯಲ್ಲ. ಹತ್ತಿ, ಕಾರು ಹತ್ತಿ! ಕಣ್ಣು, ಕೈ, ಕಾಲು ಮೂರೂ ಒಟ್ಟಿಗೆ ಕೆಲಸ ಮಾಡ್ಬೇಕು.”

ಇಷ್ಟು ಹೇಳಿ ಕುರ್ಚಿಯಿಂದೇಳಲು ಅವನು ಎರಡು ಸಲ ಮೇಜು ಹಿಡಿಯಬೇಕಾಯಿತು.

ಅಕ್ಕ ಬಟ್ಟೆಯ ಅಂಚು ಹೊಲಿದಷ್ಟು ಅಚ್ಚುಕಟ್ಟಾಗಿ ಎಂಟು ಹಾಕಿದಳು. ಒಂದು ಕೋನೂ ಅಲುಗಲಿಲ್ಲ. ಆದರೆ ಹತ್ತಿರ ಬರುತ್ತಿದ್ದ ಎಂಟಪ್ಪನ ಕಾಲು ತಗುಲಿ ಒಂದು ಉರುಳಿತು. ಅವನು ಅದನ್ನೇ ಬಹಳ ಹೊತ್ತು ನೋಡಿದ.

“ಕೋನ್ ಬಿದ್ದಿದೆ. ಫೇಲ್.”

“ಅದನ್ನ ಒದ್ದಿದ್ದು ನೀವು ಸಾರ್!”

“ನಾನು ಕುರ್ಚೀಲೇ ಕೂತಿದ್ದೀನಲ್ಲಮ್ಮ,” ಎಂದ ಎಂಟಪ್ಪ, ಮೈದಾನದ ನಡುವೆ ನಿಂತುಕೊಂಡು. ಫಾರ್ಮಿನಲ್ಲಿ ‘ಗಮನ ಸಾಲದು’ ಎಂದು ಬರೆದ. ಅಕ್ಷರಗಳು ಗೆರೆಯಿಂದ ಜಾರಿ ಕೆಳಗಿಳಿದವು. ಅಕ್ಕನಿಗೆ ಅಳುವಷ್ಟು ಸಿಟ್ಟು ಬಂತು.

ಪದ್ಧತಿ ಬಿಟ್ಟರುಂಟೆ? ಎಂಟಪ್ಪ ಕಚೇರಿಯ ಕಾರು ಹತ್ತಿ ‘ನೋಡಿ, ಹೀಗೆ’ ಎಂದ. ಮೊದಲ ತಿರುವಿನಲ್ಲಿ ಒಂದು ಕೋನ್ ಹೋಯಿತು, ಎರಡನೆಯದರಲ್ಲಿ ನಾಲ್ಕು. ಕಾರು ಕಚೇರಿ ಗೋಡೆ ಮುಟ್ಟಿದ ಮೇಲೆ ಅವನ ಕಾಲು ಬ್ರೇಕ್ ಮುಟ್ಟಿತು.

ಮೇಲಧಿಕಾರಿ ಹೊರಗೆ ಓಡಿಬಂದರು. “ಬ್ರೇಕ್ ಸರಿಯಿಲ್ಲ ಸಾರ್, ನಾನು ಸರಿಯಾಗೇ ಇದ್ದೀನಿ,” ಎಂದು ವರದಿ ಒಪ್ಪಿಸಿ ಎಂಟಪ್ಪ ಗೊರಕೆ ಹೊಡೆಯತೊಡಗಿದ.

ಪರೀಕ್ಷೆಗೆ ಸಾಲು ನಿಂತಿದ್ದ ಜನ ನಗತೊಡಗಿದರು. ಅಧಿಕಾರಿಗೆ ಅವನನ್ನು ಅಲ್ಲಿಂದ ಸಾಗಿಸಿದರೆ ಸಾಕಾಗಿತ್ತು. “ಅಮ್ಮಾ, ಇವರನ್ನ ಮನೆಗೆ ಬಿಟ್ಟು ಬರ್ತೀರಾ? ಕಿಟಕೀಲಿ ನೋಡ್ತಿದ್ದೆ, ಚೆನ್ನಾಗಿ ಓಡಿಸ್ತೀರಿ.”

ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಮಹಾನುಭಾವ!

“ಹೇಗೆ ಬಿಡ್ಲಿ ಸಾರ್? ನಾನು ಫೇಲು. ಲೈಸೆನ್ಸ್ ಇಲ್ಲ.”

ಅಧಿಕಾರಿ ಗೊರಕೆಯ ಕಡೆ ನೋಡಿದರು, ಸಾಲಿನ ಕಡೆ ನೋಡಿದರು, ಎಂಟಪ್ಪನ ಬರಹದ ಮೇಲೆ ಗೀಟೆಳೆದು ಪಾಸ್ ಎಂದು ಸಹಿ ಹಾಕಿ ಲೈಸೆನ್ಸ್ ತರಿಸಿದರು. ಅವಳು ನೆಟ್ಟಗೆ ಓಡಿಸಿದ್ದಕ್ಕೆ ಸಿಗದ ಸಹಿ ಅವನು ನೆಟ್ಟಗೆ ನಿಲ್ಲಲಾರದ್ದಕ್ಕೆ ಸಿಕ್ಕಿತು. ಅಕ್ಕ ಥ್ಯಾಂಕ್ಸ್ ಹೇಳಲಿಲ್ಲ.

ಎಂಟಪ್ಪನನ್ನು ಪಕ್ಕದ ಸೀಟಿಗೆ ತಳ್ಳಿ ಬೆಲ್ಟ್ ಬಿಗಿದಳು. ಗೇಟು ದಾಟುವಾಗ ಅವನು ಒಂದೇ ಕಣ್ಣು ತೆರೆದ.

“ಕ್ಲಚ್ ಮೆಲ್ಲಗೆ ಬಿಡಮ್ಮ…”

“ಮಲಗಿ ಸಾರ್,” ಎಂದಳು ಅಕ್ಕ. “ನಿಮಗೆ ಗಮನ ಸಾಲದು.”