ವಿದ್ಯಾನಗರದ ಟೆರೇಸಿನಲ್ಲಿ ಬಾಹ್ಯಾಕಾಶ ಯುದ್ಧ

೦.
ಇದನ್ನು ಯಾವ ಬಾಗಿಲಿನಿಂದ ಒಳಗೆ ಕರೆಯುವುದು? 'ಅನಂತ ಕತ್ತಲೆಯಲ್ಲಿ ಹಗಾನೆ-ಮಾರು ಮತ್ತು ಶಿರಾಸಾಗಿ ಎಂಬೆರಡು ಯುದ್ಧನೌಕೆಗಳು ಎದುರಾದವು' ಎಂದು ಬರೆದೆ. ಕಥೆಯ ನಾಯಕಿ ಸುಮನಾ ಓದಿ, "ಎದುರಾಗೋದು ಹೇಗೆ? ಅವೆರಡೂ ಬೇರೆ ಬೇರೆ ಸೀರಿಯಲ್ಲಿನವು" ಎಂದಳು. ಮಾತು ಸರಿ. ಹರಿದು ಹಾಕಿದೆ.

೧.
ಹಾಗಾದರೆ ಕೇಸರಿಬಾತಿನಿಂದ. ೨೦೦೩, ಶಿವಮೊಗ್ಗದ ವಿದ್ಯಾನಗರ, ಭಾನುವಾರ. ಏಕಾಂತಪ್ಪನವರ ಮಗಳು ಸುಮನಾಳನ್ನು ನೋಡಲು ಭದ್ರಾವತಿಯ ನ್ಯೂ ಟೌನಿನಿಂದ ಗಂಡಿನವರು ಬಂದಿದ್ದಾರೆ. ಗಂಡು ರೇಣುಕಾಪ್ರಸಾದ್, ಟಿವಿ ರಿಪೇರಿ ಅಂಗಡಿಯವನು.

ಆ ಮನೆಯಲ್ಲಿ ಇಂಥ ಕೇಸರಿಬಾತು ಹಿಂದೆಯೂ ಆಗಿದೆ. ಬಂದ ಗಂಡುಗಳೆಲ್ಲ ಸುಮನಾ ಏನಂದರೂ 'ಹೌದೌದು' ಎಂದು ತಲೆಯಾಡಿಸಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದು ಹೋದವರು. ಈ ಸಲ ಅವಳಿಗೆ ಬೇಕಿದ್ದದ್ದು ಇಷ್ಟೇ: ಮುಖ ನೋಡಿ 'ಇಲ್ಲ, ನೀವು ಹೇಳೋದು ತಪ್ಪು' ಎನ್ನುವ ಒಬ್ಬ ಮನುಷ್ಯ. ಸಿಗದಿದ್ದರೆ ಜೀವನವಿಡೀ ಒಬ್ಬಳೇ ಮಾತಾಡಬೇಕಾದೀತು ಎಂಬ ಭಯ ಅವಳಿಗಿತ್ತು.

(ನಾನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ನನ್ನ ಮಗು ಮಗ್ಗುಲು ಬದಲಿಸಿತು. ತಡೆಯಿರಿ. ಹ್ಞಾಂ, ಮಲಗಿತು.)

೨.
"ಹುಡುಗ ಹುಡುಗಿ ಮಾತಾಡ್ಕೊಳ್ಲಿ" ಎಂದು ಇಬ್ಬರನ್ನೂ ಟೆರೇಸಿಗೆ ಅಟ್ಟಿದರು. ಅಲ್ಲಿ ಬಟ್ಟೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು. ಗಾಳಿಗೆ ಹಾರದಿರಲೆಂದು ಮೂಲೆಗಳಿಗೆ ಇಟ್ಟಿಗೆ.

"ಹವ್ಯಾಸ ಏನು?" ಎಂದ ಅವನು. ಎಲ್ಲ ಗಂಡುಗಳೂ ಕೇಳುವುದು ಅದನ್ನೇ.

ಕಸೂತಿ ಎನ್ನಬೇಕಿದ್ದ ಸುಮನಾ ನಿಜ ಹೇಳಿದಳು. "ಜಪಾನಿನ ಕಾರ್ಟೂನು ನೋಡೋದು. ಆಕಾಶದಲ್ಲಿ ಹಡಗುಗಳು ಯುದ್ಧ ಮಾಡ್ತವಲ್ಲ, ಅಂಥವು."

ಅವನು ಕುರ್ಚಿಯಲ್ಲಿ ನೆಟ್ಟಗಾದ. "ಹಗಾನೆ-ಮಾರು?"

"ನಿಮಗೆ ಹೇಗೆ ಗೊತ್ತು?"

"ರಿಪೇರಿಗೆ ಬರೋ ಪ್ಲೇಯರಲ್ಲಿ ಜನ ಸೀಡಿ ಬಿಟ್ಟಿರ್ತಾರೆ. ಟೆಸ್ಟಿಂಗ್ ಅಂತ ಹಾಕ್ತೀನಿ. ಕೊನೇ ಎಪಿಸೋಡ್ ತನಕ ರಿಪೇರಿ ಮುಗಿಯೋದೇ ಇಲ್ಲ."

ಹಗಾನೆ-ಮಾರು ತೇಪೆ ಹಾಕಿದ, ಆನೆಯಂಥ ಹಳೆಯ ಕಬ್ಬಿಣದ ನೌಕೆ. ಶಿರಾಸಾಗಿ ಬಿಳಿ, ಸಣ್ಣ, ಚುರುಕು. ಸುಮನಾ ಹಗಾನೆ-ಮಾರು ಎಂದು ಇಟ್ಟಿಗೆಯೊಂದನ್ನು ತಂದು ಗೋಡೆಗೆ ಆನಿಸಿಟ್ಟಳು. ಅವನು ಶಿರಾಸಾಗಿ ಎಂದು ಮೆಣಸಿನಕಾಯಿ ಎತ್ತಿಕೊಂಡ.

"ಭದ್ರಾವತಿಯವರಾಗಿ ಕಬ್ಬಿಣ ಬಿಟ್ಟು ಅದ್ರ ಕಡೆ ನಿಂತಿದೀರಲ್ಲ ಮಾರಾಯ್ರೆ."

"ಕಬ್ಬಿಣ ದಿನಾ ನೋಡ್ತೀವಿ. ಟಿವಿಲಾದ್ರೂ ಹಗುರಾಗಿರೋದು ಹಾರ್ಲಿ." ಮೆಣಸಿನಕಾಯಿ ಇಟ್ಟಿಗೆಯ ಮುಂದೆ ಸುಳಿದಾಡಿತು. "ನಿಮ್ಮ ತೋಪು ಚಾರ್ಜ್ ಆಗೋವಾಗ ಇಡೀ ಹಡಗಿನ ಕರೆಂಟೇ ಹೋಗುತ್ತೆ, ನಮ್ಮ ಲೋಡ್ ಶೆಡ್ಡಿಂಗ್ ಥರ. ಅಷ್ಟರಲ್ಲಿ ನಾನು ಹೊಡೆದು ವಾಪಸ್ ಬಂದಿರ್ತೀನಿ."

"ಹೊಡೀರಿ. ನಿಮ್ಮ ಏಟು ನನಗೆ ಸೊಳ್ಳೆ ಕಚ್ಚಿದ ಹಾಗೆ. ನನ್ನದು ಒಂದು ತಾಗಿದ್ರೆ ನಿಮ್ಮ ಪುಡಿಯೂ ಸಿಗಲ್ಲ."

"ತಾಗಬೇಕಲ್ಲ."

"ನಿಲ್ಲಬೇಕಲ್ಲ ನೀವು."

ದನಿ ಏರಿತು. ನಡುವೆ ಒಂದೇ ಒಂದು ಸಲ ಕದನವಿರಾಮವಾಯಿತು.

"ಯುದ್ಧಕ್ಕೆ ಮುಂಚೆ ಹಗಾನೆ-ಮಾರು ಕ್ಯಾಪ್ಟನ್ ಕಿಟಕಿ ಹತ್ರ ಸುಮ್ಮನೆ ನಿಂತಿರ್ತಾನಲ್ಲ" ಎಂದಳು ಸುಮನಾ.

"ಆಗ ಆ ಪಿಟೀಲು" ಎಂದ ಅವನು.

ಅಷ್ಟರಲ್ಲಿ ಮೆಟ್ಟಿಲಿನಿಂದ ಸುಮನಾಳ ತಾಯಿ ಕಲ್ಲಮ್ಮನ ದನಿ: "ಏನೇ ಅದು ಜಗಳ, ಕೆಳಗೆಲ್ಲ ಕೇಳ್ತಿದೆ."

ರೇಣುಕಾಪ್ರಸಾದನಿಗೆ ತನ್ನ ಅಮ್ಮ ಬಸ್ಸಿನಲ್ಲಿ ಹೇಳಿಕೊಟ್ಟದ್ದು ನೆನಪಾಯಿತು: ಹುಡುಗಿ ಏನಂದರೂ ಹ್ಞೂಂ ಅನ್ನು. ಮೆಣಸಿನಕಾಯಿಯನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟ. "ಹೋಗ್ಲಿ ಬಿಡಿ. ನಿಮ್ಮ ಹಗಾನೆ-ಮಾರೂನೇ ಗೆಲ್ಲುತ್ತೆ."

ಗೆದ್ದ ಸುಮನಾಳ ಮುಖ ಬಾಡಿತು.

೩.
ಕೊನೆ, ಮೊದಲನೇ ಕರಡು: ಕಲ್ಯಾಣ ಮಂಟಪ, ವಾಲಗ, ಅಕ್ಷತೆ. ಸುಮನಾ ನನ್ನ ಪೆನ್ನು ಹಿಡಿದುಕೊಂಡಳು. "ನನ್ನ ಕೇಳದೆ ಧಾರೆ ಸೀರೆ ಉಡಿಸಿಬಿಟ್ರಾ? ಬೇಕಂತ್ಲೇ ಸೋತವನಿಗೆ ಬಹುಮಾನವಾಗಿ ಹೋಗಲ್ಲ ನಾನು."

ಎರಡನೇ ಕರಡು: ಅವಳು 'ಬೇಡ' ಎನ್ನುತ್ತಾಳೆ. ಕಲ್ಲಮ್ಮ ಅಡುಗೆಮನೆಯಲ್ಲಿ ಮೂಗೊರೆಸಿಕೊಳ್ಳುತ್ತಾರೆ. (ವಿಮರ್ಶಕರು ಇದನ್ನೇ ಮೆಚ್ಚುತ್ತಾರೆ, ಗೊತ್ತು. ಆದರೆ ಆ ಪಿಟೀಲಿನ ಮಾತು ಬರೆದ ಮೇಲೆ ನನ್ನ ಕೈ ಏಳಲಿಲ್ಲ.)

"ಮತ್ತೇನು ಮಾಡ್ಲಿ ಮಾರಾಯ್ತಿ?" ಎಂದೆ.

"ನೀವೇನೂ ಮಾಡ್ಬೇಡಿ. ಆ ಭದ್ರಾವತಿಯವರೇ ಮಾಡ್ಲಿ."

೪.
ಮಾಡಿದ. ಮರುದಿನ ಸಂಜೆ ಫೋನ್. ಏಕಾಂತಪ್ಪ ಎತ್ತಿಕೊಂಡರು. ತಿಳಿಸುವುದನ್ನು ಹಿರಿಯರಿಗೆ ತಿಳಿಸುವುದು ಪದ್ಧತಿ. ಈ ಹುಡುಗ ಸೀದಾ ಸುಮನಾಳಿಗೇ ಕೊಡಿ ಎಂದ.

"ರಾತ್ರಿಯೆಲ್ಲ ಯೋಚನೆ ಮಾಡಿದೆ. ನಿನ್ನೆ ಸುಳ್ಳು ಹೇಳಿಬಿಟ್ಟೆ" ಎಂದ.

"ಯಾವುದು?"

"ಹಗಾನೆ-ಮಾರು ಗೆಲ್ಲಲ್ಲ. ಅದಕ್ಕೆ ಹಿಂದುಗಡೆ ಒಂದೂ ತೋಪಿಲ್ಲ. ನಿಮಗೂ ಗೊತ್ತು. ಅದಕ್ಕೇ ಇಟ್ಟಿಗೆ ಬೆನ್ನು ಗೋಡೆಗೆ ಹಾಕಿದ್ರಿ."

ಸುಮನಾ ಸ್ಟೂಲು ಎಳೆದುಕೊಂಡು ಕೂತಳು.

"ಹಿಂದೆ ತೋಪಿಲ್ಲ ಅಂದ್ರೆ ಏನರ್ಥ ಹೇಳಿ? ಅದು ಯಾವತ್ತೂ ಬೆನ್ನು ತೋರಿಸಿಲ್ಲ ಅಂತ."

"ಇಲ್ಲ, ನೀವು ಹೇಳೋದು ತಪ್ಪು" ಎಂದ ರೇಣುಕಾಪ್ರಸಾದ್.

ಏಕಾಂತಪ್ಪ ಎದುರು ನಿಂತು ಕೈಸನ್ನೆ ಮಾಡಿದರು. ಒಪ್ಪಿದರೋ, ಇಲ್ಲವೋ? ಸುಮನಾ ರಿಸೀವರಿಗೆ ಅಂಗೈ ಮುಚ್ಚಿದಳು.

"ಸ್ವಲ್ಪ ಇರಿ ಅಪ್ಪಾಜಿ. ಈಗಷ್ಟೇ ತೋಪು ಚಾರ್ಜ್ ಆಗ್ತಿದೆ."

೫.
ಓದುಗರೇ, ನೀವೂ ಏಕಾಂತಪ್ಪನವರ ಹಿಂದೆ ಅದೇ ಕೈಸನ್ನೆ ಮಾಡುತ್ತಾ ನಿಂತಿದ್ದೀರಿ. ಮದುವೆಯ ವಿಷಯ ಹಾಳಾಗಲಿ, ಯಾವ ನೌಕೆ ಗೆದ್ದಿತೆಂದಾದರೂ ಹೇಳು ಎನ್ನುತ್ತೀರಿ. ನಾನೂ ಕೇಳಹೋದೆ. ಸುಮನಾ ನೊಣ ಓಡಿಸುವಂತೆ ಕೈ ಬೀಸಿದಳು.

ಅಷ್ಟರಲ್ಲಿ ಇಡೀ ವಿದ್ಯಾನಗರದ ಕರೆಂಟು ಹೋಯಿತು. ಕಲ್ಲಮ್ಮ ಮೇಣದಬತ್ತಿ ಹುಡುಕಿದರು, ಏಕಾಂತಪ್ಪ ಸ್ಟೂಲೆಂದುಕೊಂಡು ನೆಲದ ಮೇಲೆ ಕೂತರು. ನನಗೂ ಅಕ್ಷರ ಕಾಣುತ್ತಿಲ್ಲ.

ಫೋನಿಗೆ ಕರೆಂಟು ಬೇಕಿಲ್ಲ.